ಕಿರಿಯ ದುರ್ಬೀನಿನ ಅಳವು

ಹಾರನಹಳ್ಳಿಗೆ ಬರುವ ಪರಸ್ಥಳದವರೆಲ್ಲರೂ ಗೋಡೆಗಳನ್ನು ನೋಡಲು ಬರುತ್ತಾರೆ. ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ ಇಳಿದು, ಹೊಯ್ಸಳರ ಕಾಲದಲ್ಲಿ, 1235ರ ಸುಮಾರಿಗೆ, ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವನ್ನು ಒಂದು ಸುತ್ತು ಬಂದು, ಸೋಮೇಶ್ವರನ ಗುಡಿಯನ್ನೂ ಇಣಿಕಿ ನೋಡಿ, ಹೊತ್ತು ಮುಳುಗುವುದರೊಳಗಾಗಿ ಹಳೇಬೀಡಿಗೋ ಬೇಲೂರಿಗೋ ಹೊರಟುಬಿಡುತ್ತಾರೆ. ಹೊತ್ತು ಮುಳುಗಿದ ಮೇಲೆ ಇಲ್ಲಿ ನೋಡತಕ್ಕದ್ದು ಮತ್ತೊಂದಿದೆಯೆಂದು ಅವರಿಗೆ ಯಾರೂ ಹೇಳುವುದಿಲ್ಲ. ಹೇಳಬೇಕಾದ ನಾವೇ ಅದನ್ನು ನೋಡುವುದನ್ನು ಬಿಟ್ಟು ಬಹುಕಾಲವಾಗಿದೆ. ತೆಂಗಿನ ತೋಟಗಳ ನಡುವಣ ಈ ಊರಿನಲ್ಲಿ, ಬೀದಿಗಳಿಗೆ ಬಿಳಿಯ ದೀಪಗಳು ಬಂದ ಮೇಲೆಯೂ, ಅಮಾವಾಸ್ಯೆಯ ಆಚೀಚೆಯ ರಾತ್ರಿ ತೋಟದ ಬದುವಿನಲ್ಲಿ ನಿಂತರೆ ಆಕಾಶಗಂಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಈ ಭಾಗ್ಯ ತಪ್ಪಿಹೋಗಿ ಎಷ್ಟೋ ಕಾಲವಾಯಿತು.

2025ರ ಜನವರಿ ತಿಂಗಳಲ್ಲಿ ಮಾತ್ರ ಊರಿಗೆ ಊರೇ ತಲೆಯೆತ್ತಿ ನೋಡಿತು. ಆರು ಗ್ರಹಗಳು ಸಾಲಾಗಿ ನಿಲ್ಲುವುವೆಂದು ಪತ್ರಿಕೆಗಳು ಬರೆದುವು, ಮೊಬೈಲುಗಳು ಸಾರಿದುವು. ಗ್ರಹಗಳು ಕ್ರಾಂತಿವೃತ್ತದ ಸಮೀಪದಲ್ಲಿಯೇ ಸಂಚರಿಸುವುದರಿಂದ ಅವು ಕಂಡಾಗಲೆಲ್ಲ ಸಾಲಾಗಿಯೇ ಕಾಣಬೇಕು. ವಿಶೇಷವೆಂದರೆ ಅಷ್ಟು ಗ್ರಹಗಳು ಒಂದೇ ಸಂಜೆಗೆ ದೊರೆತದ್ದು. ಪಡುವಣದಲ್ಲಿ ಶುಕ್ರನೂ ಶನಿಯೂ ಒತ್ತೊತ್ತಾಗಿ, ನೆತ್ತಿಯ ಕಡೆ ರೋಹಿಣಿಯ ಬಳಿ ಗುರು, ಮೂಡಣದಲ್ಲಿ ಪುನರ್ವಸುವಿನ ಬಳಿ ಕೆಂಪಗೆ ಮಂಗಳ. ಈ ಸಂಭ್ರಮದಲ್ಲಿ ನಮ್ಮ ಬೀದಿಯ ತೆಂಗಿನ ತೋಟದ ಗೃಹಸ್ಥರೊಬ್ಬರು, ಹನ್ನೆರಡು ವರ್ಷದ ಮಗಳ ಹಟಕ್ಕೆ ಮಣಿದು, ಕೊಬ್ಬರಿ ಮಾರಿದ ಹಣದಲ್ಲಿ ಒಂದು ದುರ್ಬೀನನ್ನು ತರಿಸಿದರು. ಮಾರಿದವರ ಹೆಸರು ಇಲ್ಲಿ ಬೇಡ. ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ನೀಹಾರಿಕೆಯ ಚಿತ್ರವಿತ್ತು; ಅದರ ಕೆಳಗೆ ದಪ್ಪ ಅಂಕಿಗಳಲ್ಲಿ 525 ಪಟ್ಟು ಎಂದು ಅಚ್ಚಾಗಿತ್ತು. ನಾನು ವಿಜ್ಞಾನದ ಮೇಷ್ಟರಾಗಿ ನಿವೃತ್ತನಾದವನಾದ್ದರಿಂದ ಯಂತ್ರದೊಡನೆ ನನಗೂ ಕರೆ ಬಂದಿತು.

ಮೊದಲನೆಯ ರಾತ್ರಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ನೋಡಿದವರಲ್ಲಿ ಹೆಚ್ಚಿನವರು "ಇಷ್ಟೇಯೇ?" ಎಂದರು. ಕೆಲವರು ಮೊಬೈಲನ್ನು ನಳಿಗೆಯ ಬಾಯಿಗೆ ಹಿಡಿದು, ಬರಿಯ ಬೆಳಕಿನ ಕಲೆಯೊಂದನ್ನು ಸೆರೆಹಿಡಿದುಕೊಂಡು ಹೋದರು. ಹುಡುಗಿ ಮಾತಾಡಲಿಲ್ಲ. ತಂದೆ ಎಲ್ಲರೂ ಹೋದ ಮೇಲೆ ನನ್ನನ್ನು ತಡೆದು, "ಮೇಷ್ಟ್ರೇ, ನಿಜ ಹೇಳಿ, ನಾನು ಮೋಸಹೋದೆನೇ?" ಎಂದು ಕೇಳಿದರು. ನಾನು ನಾಳೆ ಹೇಳುತ್ತೇನೆಂದು ಬಂದೆ. ನಾಳೆಗೆ ಮುಗಿಯುವ ಪ್ರಶ್ನೆ ಅದಾಗಿರಲಿಲ್ಲ. ಅಷ್ಟರೊಳಗೆ ದುರ್ಬೀನು ಅಟ್ಟವನ್ನೇರಿತು; ಎರಡು ವಾರ ಅಲ್ಲಿಯೇ ಇತ್ತು.

ಪೆಟ್ಟಿಗೆಯ ಅಂಕಿಯಿಂದಲೇ ಮೊದಲುಮಾಡುವೆನು. ದುರ್ಬೀನಿನ ಮುಂದಣ ಮಸೂರದ ಅಗಲ 60 ಮಿಲಿಮೀಟರು, ಅದರ ಸಂಗಮದೂರ 700 ಮಿಲಿಮೀಟರು. ಈ 700ನ್ನು ಕಣ್ಣಿನ ಬಳಿಯ ಮಸೂರದ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುವುದೆಂಬುದು ಬರುತ್ತದೆ. 20 ಮಿಲಿಮೀಟರಿನದನ್ನು ಹಾಕಿದರೆ 35. 4 ಮಿಲಿಮೀಟರಿನದನ್ನು ಹಾಕಿದರೆ 175. ಅದರ ನಡುವೆ ಮೂರುಪಟ್ಟು ಮಾಡುವ ಇನ್ನೊಂದು ಗಾಜನ್ನು ತುರುಕಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಪಟ್ಟು ಏರಿದಂತೆಲ್ಲ ಅದೇ ಬೆಳಕು ಹೆಚ್ಚು ಎಡೆಯ ಮೇಲೆ ಹರಡಿಕೊಳ್ಳಬೇಕಷ್ಟೆ. 35ರಿಂದ 525ಕ್ಕೆ ಹಾರಿದರೆ ಬಿಂಬದ ಬೆಳಕು 225ರಲ್ಲಿ ಒಂದು ಪಾಲಾಗುತ್ತದೆ. ಒಂದು ಸೇರು ಮಜ್ಜಿಗೆಯನ್ನು ಊರಿಗೆಲ್ಲ ಬಡಿಸಿದ ಹಾಗೆ. ಎಲ್ಲರ ಎಲೆಗೂ ಬಂದಿತೆಂಬುದು ನಿಜ, ಕುಡಿದವರು ಯಾರೂ ಇಲ್ಲ.

ಇದಕ್ಕಿಂತ ಮುಖ್ಯವಾದ ತಡೆ ಬೆಳಕಿನ ಸ್ವಭಾವದಲ್ಲಿಯೇ ಇದೆ. ಬೆಳಕು ಅಲೆಯಾದ್ದರಿಂದ, ಕಿರಿದಾದ ಕಿಂಡಿಯಿಂದ ಒಳಹೊಕ್ಕಾಗ ಸ್ವಲ್ಪ ಹರಡಿಯೇ ತೀರುತ್ತದೆ. ಕಿಂಡಿ ಚಿಕ್ಕದಾದಷ್ಟೂ ಹರಡುವಿಕೆ ಹೆಚ್ಚು. ಒಂದು ಅಂಶದ 3600ನೆಯ ಒಂದು ಪಾಲನ್ನು ನಮ್ಮ ಹಿಂದಿನ ಜ್ಯೋತಿಷಿಗಳು ವಿಕಲೆಯೆಂದು ಕರೆದರು. 60 ಮಿಲಿಮೀಟರಿನ ಮಸೂರ ಎಷ್ಟೇ ನಿರ್ದುಷ್ಟವಾಗಿದ್ದರೂ ಎರಡು ವಿಕಲೆಗಿಂತ ಒತ್ತಾಗಿರುವುದನ್ನು ಬಿಡಿಸಿ ತೋರಲಾರದು. ಚಂದ್ರನ ದೂರದಲ್ಲಿ ಒಂದು ವಿಕಲೆಯೆಂದರೆ ಹೆಚ್ಚುಕಡಿಮೆ 1.9 ಕಿಲೋಮೀಟರು. ಆದ್ದರಿಂದ ಸುಮಾರು ನಾಲ್ಕು ಕಿಲೋಮೀಟರಿಗಿಂತ ಕಿರಿದಾದ ಕುಳಿಗಳು ಇದಕ್ಕೆ ಇಲ್ಲದಂತೆಯೇ. ಅನುಭವಿಗಳ ಲೆಕ್ಕದಂತೆ ಮಸೂರದ ಅಗಲದ ಒಂದೊಂದು ಮಿಲಿಮೀಟರಿಗೆ ಎರಡೆರಡು ಪಟ್ಟು. ಅಂದರೆ 120 ಪಟ್ಟಿಗೆ ಈ ದುರ್ಬೀನಿನ ಸಾಮರ್ಥ್ಯ ಮುಗಿಯಿತು. ಅಲ್ಲಿಂದಾಚೆ ದೊಡ್ಡದಾಗುವುದು ಮಬ್ಬು ಮಾತ್ರ.

ಮೊದಲ ರಾತ್ರಿ ಬಂದವರಲ್ಲಿ ಒಬ್ಬರು ಚಂದ್ರಯಾನದ ವಿಕ್ರಮನನ್ನು ತೋರಿಸೆಂದರು. 2023ರ ಆಗಸ್ಟ್ 23ರಂದು ಅದು ಚಂದ್ರನ ಮೇಲೆ ಇಳಿದುದನ್ನು ನಮ್ಮ ಊರಿನವರೂ ಉಸಿರು ಬಿಗಿಹಿಡಿದು ನೋಡಿದ್ದರು. ಕೇಳಿದ್ದು ಅನ್ಯಾಯವಲ್ಲ. ಆದರೆ ಎರಡು ಮೀಟರಿನಷ್ಟು ಆಕಾರವನ್ನು ನೆಲದಿಂದ ಬಿಡಿಸಿ ಕಾಣಬೇಕಾದರೆ ದುರ್ಬೀನಿನ ಬಾಯಿ ನೂರು ಮೀಟರಿಗೂ ಮೀರಿದ ಅಗಲವಿರಬೇಕು. ಚಿಲಿ ದೇಶದಲ್ಲಿ ಕಟ್ಟುತ್ತಿರುವ ಅತಿ ದೊಡ್ಡ ಯಂತ್ರದ ಕನ್ನಡಿಗೂ 39 ಮೀಟರೇ. ಇನ್ನೊಬ್ಬರು ಹಾಸನದ ಕಡೆಗೆ ಬೆರಳು ತೋರಿಸಿ, ಅಲ್ಲಿನ ಕೇಂದ್ರದವರು ಆಡಿಸುವ ಉಪಗ್ರಹಗಳಾದರೂ ಕಾಣುವುವೋ ಎಂದರು. ಅವು 36,000 ಕಿಲೋಮೀಟರು ಎತ್ತರದಲ್ಲಿ ನಿಂತ ಮಿಣುಕುಗಳು. ಈ ದುರ್ಬೀನಿಗೆ ಸಾಮಾನ್ಯವಾಗಿ ಎಟುಕುವುದಿಲ್ಲ. ಹೀಗೆ ಇಲ್ಲ, ಇಲ್ಲ ಎಂದು ಹೇಳುತ್ತಹೋದರೆ ಕೇಳುವವರಿಗೆ ಬೇಸರ ಬರುವುದು ಸಹಜವೇ.

ಗಾಜಿನ ಮಾತಾಯಿತು, ಕಾಲಿನದು ಅದಕ್ಕಿಂತ ದುಃಖದ್ದು. ನನ್ನ ಅಭಿಪ್ರಾಯದಲ್ಲಿ ಅಗ್ಗದ ದುರ್ಬೀನುಗಳಲ್ಲಿ ನಿಂದೆಗೆ ಪಾತ್ರವಾದದ್ದು ಮಸೂರವಲ್ಲ, ಮುಕ್ಕಾಲಿ. ಮುಟ್ಟಿದರೆ ನಡುಗುತ್ತದೆ, ಗಾಳಿ ಬೀಸಿದರೆ ನಡುಗುತ್ತದೆ, ಪಕ್ಕದಲ್ಲಿ ಒಬ್ಬರು ಕೆಮ್ಮಿದರೂ ಗುರುಗ್ರಹ ಕುಣಿಯುತ್ತದೆ. ಸಾಲದುದಕ್ಕೆ ಭೂಮಿ ತಿರುಗುತ್ತಲೇ ಇರುವುದರಿಂದ ಆಕಾಶ ಒಂದು ಸೆಕೆಂಡಿಗೆ ಹದಿನೈದು ವಿಕಲೆಯಂತೆ ಜಾರುತ್ತದೆ. 175 ಪಟ್ಟಿನಲ್ಲಿ ಹಿಡಿದ ಗ್ರಹ ಒಂದು ನಿಮಿಷದೊಳಗೆ ನೋಟದ ಅಂಚನ್ನು ದಾಟಿ ಹೋಗಿಬಿಡುತ್ತದೆ. ಮೇಷ್ಟರು ಗ್ರಹವನ್ನು ಹುಡುಕಿ ಕೂರಿಸಿ, ಸರಿದು ನಿಂತು, ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ಬಗ್ಗುವ ಹೊತ್ತಿಗೆ ಅಲ್ಲಿ ಬರಿಯ ಕತ್ತಲೆ. ಅಜ್ಜಿ ನನ್ನ ಮನಸ್ಸು ನೋಯಬಾರದೆಂದು "ಕಂಡಿತಪ್ಪಾ, ಚೆನ್ನಾಗಿದೆ" ಎಂದರು.

ಆಕಾಶದೊಡನೆ ತಿರುಗುವ ಪೀಠಗಳೂ ಉಂಟು. ಅವುಗಳ ಅಚ್ಚನ್ನು ಧ್ರುವನ ಕಡೆಗೆ ಓರೆಮಾಡಿ ನಿಲ್ಲಿಸಬೇಕು. ಲಂಡನಿನಲ್ಲಿ ಧ್ರುವ 51 ಅಂಶ ಮೇಲಿದ್ದಾನೆ. ಹಾರನಹಳ್ಳಿಯಲ್ಲಿ 13 ಅಂಶ ಮಾತ್ರ, ತೆಂಗಿನ ಗರಿಗಳ ಹಿಂದೆ. ಶೀತದೇಶಗಳವರ ಬಳಕೆಗೆಂದು ಮಾಡಿದ ಅಗ್ಗದ ಪೀಠಗಳನ್ನು ಇಲ್ಲಿಗೆ ತಂದು ಅಷ್ಟು ಕೆಳಗೆ ಬಗ್ಗಿಸಿದರೆ, ಎದುರುತೂಕದ ಕಂಬಿ ಮುಕ್ಕಾಲಿಯ ಕಾಲಿಗೇ ಬಡಿದುಕೊಳ್ಳುವುದುಂಟು. ಕೊಳ್ಳುವವರಿಗೆ ಇದನ್ನು ಹೇಳಿದವರನ್ನು ನಾನು ಕಂಡಿಲ್ಲ. ಆದರೆ ಧ್ರುವ ತಗ್ಗಿದಷ್ಟೂ ತೆಂಕಣ ಆಕಾಶ ಮೇಲೇಳುತ್ತದೆಯೆಂಬುದನ್ನು ಮರೆಯಬಾರದು. ಲಂಡನಿನವರು ತಮ್ಮ ಊರಿನಿಂದ ಎಂದೂ ಕಾಣಲಾರದ ಅಗಸ್ತ್ಯ ನಕ್ಷತ್ರ ನಮಗೆ ದಕ್ಷಿಣದಲ್ಲಿ 24 ಅಂಶ ಎತ್ತರಕ್ಕೆ ಬರುತ್ತದೆ. ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ಮಹಾ ನಕ್ಷತ್ರಪುಂಜ ಬೇಸಗೆಯ ಮೊದಲಿನ ರಾತ್ರಿಗಳಲ್ಲಿ 29 ಅಂಶದವರೆಗೂ ಏರುತ್ತದೆ. ಈ ಪುಟ್ಟ ಯಂತ್ರದಲ್ಲಿ ಅದು ಬಿಡಿಬಿಡಿಯಾದ ನಕ್ಷತ್ರಗಳಾಗಿ ಅಲ್ಲ, ಉಸಿರು ತಾಗಿದ ಗಾಜಿನ ಮೇಲಣ ಮಂಜಿನಂತೆ ಕಾಣುತ್ತದೆ.

ಇನ್ನೊಂದು ಪದಾರ್ಥದ ವಿಷಯವನ್ನು ಕಟುವಾಗಿಯೇ ಬರೆಯಬೇಕಾಗಿದೆ. ಪೆಟ್ಟಿಗೆಯ ಮೂಲೆಯಲ್ಲಿ, ಕಣ್ಣಿನ ಬಳಿಯ ಮಸೂರಕ್ಕೆ ತಿರುಪುವಂಥ ಒಂದು ಕಪ್ಪು ಗಾಜಿತ್ತು, ಸೂರ್ಯನನ್ನು ನೋಡುವುದಕ್ಕಂತೆ. ದುರ್ಬೀನು ಕೂಡಿಸಿದ ಬಿಸಿಲೆಲ್ಲವೂ ಆ ಗಾಜಿನ ಮೇಲೆಯೇ ಬೀಳುತ್ತದೆ. ಅದು ಕಾದು ಸೀಳಿದ ಕ್ಷಣದಲ್ಲಿ ಕಣ್ಣು ಹೋಯಿತು. ಮನೆಯವರ ಅಪ್ಪಣೆ ಪಡೆದು ಆ ಗಾಜನ್ನು ಜಗಲಿಯ ಕಲ್ಲಿನ ಮೇಲಿಟ್ಟು ಒಡೆದೆನು. ಇಂಥದು ಯಾರ ಮನೆಯಲ್ಲಿದ್ದರೂ ಹಾಗೆಯೇ ಮಾಡತಕ್ಕದ್ದು. ಸೂರ್ಯನ ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಅದರ ಕಲೆಗಳನ್ನು ನೋಡಬಹುದು, ಹಿರಿಯರೊಬ್ಬರು ಪಕ್ಕದಲ್ಲಿಯೇ ನಿಂತು ಯಾರೂ ನಳಿಗೆಗೆ ಕಣ್ಣಿಡದಂತೆ ಕಾಯುವುದಾದರೆ.

ಇಷ್ಟು ಹೇಳಿದ ಮೇಲೆ ಆ ಗೃಹಸ್ಥರು ಮೋಸಹೋದದ್ದು ನಿಜವೆಂದೇ ವಾಚಕರು ತೀರ್ಮಾನಿಸಿರಬಹುದು. ನಾನು ಅವರಿಗೆ ಕೊಟ್ಟ ಉತ್ತರ ಬೇರೆ. ಅಂಕಿಯಲ್ಲಿ ಮೋಸ, ಚಿತ್ರದಲ್ಲಿ ಮೋಸ, ಕಾಲಿನಲ್ಲಿ ಅರೆಮೋಸ, ಗಾಜಿನಲ್ಲಿ ಮೋಸವಿಲ್ಲ ಎಂದೆ.

ಮಕ್ಕಳ ಮನಸ್ಸನ್ನು ಮೊದಲು ಕೆಡಿಸುವುದು ಆ ಚಿತ್ರವೇ. ನೀಹಾರಿಕೆಯ ಕೆಂಪು ನೀಲಿಗಳು ಬಹು ಹೊತ್ತು ಬೆಳಕನ್ನು ಕೂಡಿಹಾಕಿದ ಛಾಯಾಪಟದಲ್ಲಿ ಮೂಡುವಂಥವು. ಮಂದವಾದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಅರಿಯಲಾರದು. ಬೆಳದಿಂಗಳಲ್ಲಿ ಕೆಂಪು ದಾಸವಾಳ ಕಪ್ಪಾಗಿ ಕಾಣುವುದನ್ನು ಹಳ್ಳಿಯವರು ಯಾರೂ ಬಲ್ಲರು. ಮೃಗಶಿರದ ಕೆಳಗಿನ ಮಹಾ ನೀಹಾರಿಕೆ ದುರ್ಬೀನಿನಲ್ಲಿ ಬೂದುಬಣ್ಣದ ರೆಕ್ಕೆ. ದೇವಯಾನಿಯ ಗೆಲಕ್ಸಿ ಬರಿಯ ಒರಸಿದ ಗುರುತು. ಆ ಗುರುತಿನ ಬೆಳಕು ಹೊರಟು 25 ಲಕ್ಷ ವರ್ಷವಾಯಿತೆಂದು ಹೇಳಿದಾಗ ಹುಡುಗಿ ಅದನ್ನು ಮತ್ತೊಮ್ಮೆ ನೋಡಿದಳು. ಕಂಡದ್ದು ಮೊದಲಿನಷ್ಟೇ.

ಗುರುವಿನ ವಿಷಯದಲ್ಲಿ ಬೇರೊಂದು ಸೋಜಿಗ. ಆ ತಿಂಗಳು ಗುರುವಿನ ಬಿಂಬದ ಅಗಲ ಸುಮಾರು 46 ವಿಕಲೆಗಳು. 35 ಪಟ್ಟಿನಲ್ಲಿ ಅದು ಬರಿಗಣ್ಣಿನ ಪೂರ್ಣಚಂದ್ರನಿಗಿಂತ ತುಸುವೇ ಕಿರಿದಾಗಿರಬೇಕು. ಆದರೂ ನೋಡಿದವರೆಲ್ಲರೂ ಸಾಸುವೆಯಷ್ಟಿದೆ ಎಂದರು. ನಾನು ಹುಡುಗಿಗೆ ಒಂದು ಕಣ್ಣಿನಿಂದ ನಳಿಗೆಯಲ್ಲಿ ಗುರುವನ್ನೂ ಇನ್ನೊಂದು ಕಣ್ಣಿನಿಂದ ಹೊರಗೆ ಚಂದ್ರನನ್ನೂ ನೋಡಿ ಹೋಲಿಸೆಂದೆ. ಬಹಳ ಹೊತ್ತು ಕಣ್ಣು ಕಿವುಚಿಕೊಂಡಿದ್ದು, "ಹೌದಲ್ಲ ಮೇಷ್ಟ್ರೇ!" ಎಂದಳು. ಅಟ್ಟದಿಂದ ದುರ್ಬೀನು ಇಳಿದ ಮೇಲೆ ಅವಳ ಬಾಯಿಂದ ಬಂದ ಮೊದಲ ಉತ್ಸಾಹದ ಮಾತು ಅದು. ಕಣ್ಣು ಹೇಳುವುದಕ್ಕೂ ಅಳತೆ ಹೇಳುವುದಕ್ಕೂ ಇಷ್ಟು ಅಂತರವಿದೆಯೆಂಬುದು ನನಗೂ ಪುಸ್ತಕದಲ್ಲಿ ಓದಿದಾಗ ಇಷ್ಟು ನಾಟಿರಲಿಲ್ಲ.

ಗುರುವಿನ ಮೈಮೇಲೆ ಎರಡು ಕಂದುಪಟ್ಟಿಗಳಿವೆಯೆಂದು ಅವಳು ಹೇಳುತ್ತಾಳೆ. ನನ್ನ ಕಣ್ಣಿಗೆ ಅವು ಕಾಣುವುದಿಲ್ಲ. ಅರುವತ್ತು ದಾಟಿದ ಕಣ್ಣಿನ ಪಾಪೆ ಹಿಂದಿನಷ್ಟು ಅಗಲವಾಗಿ ತೆರೆಯದು, ಒಳಗಿನ ಮಸೂರವೂ ಮಸುಕಾಗಿರುತ್ತದೆ. ದುರ್ಬೀನಿನ ಅಳವಿನ ಲೆಕ್ಕದಲ್ಲಿ ಅದರ ಹಿಂದಿರುವ ಕಣ್ಣನ್ನೂ ಸೇರಿಸಬೇಕಾಗುತ್ತದೆ. ಅವಳು ಬರೆದ ಚಿತ್ರವನ್ನು ನೋಡಿ, ಪಟ್ಟಿಗಳು ಇರಬೇಕಾದ ಎಡೆಯಲ್ಲಿಯೇ ಇವೆಯೆಂದು ನಂಬಿದ್ದೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ನನ್ನ ಮಾತನ್ನು ನಂಬಿರೆಂದು ಹೇಳಿಕೊಂಡು ಬಂದವನಿಗೆ ಇದು ಹೊಸ ಅನುಭವ.

ಅರುಂಧತಿಯನ್ನು ತೋರಿಸಿದ ರಾತ್ರಿ ಹೆಂಗಸರೆಲ್ಲರೂ ಬಂದರು. ಮದುವೆಯ ದಿನ ಪುರೋಹಿತರು ಬೆರಳು ತೋರಿಸಿದ ಕಡೆಗೆ ನೋಡಿ, ಕಂಡಿತೆಂದು ತಲೆಯಾಡಿಸಿದವರೇ ಎಲ್ಲರೂ. ನಿಜವಾಗಿ ಕಂಡವರು ಇಬ್ಬರೋ ಮೂವರೋ. ವಸಿಷ್ಠನಿಗೂ ಅರುಂಧತಿಗೂ ನಡುವೆ 12 ಕಲೆಗಳ ಅಂತರ. ದುರ್ಬೀನಿನಲ್ಲಿ ಇಬ್ಬರೂ ಧಾರಾಳವಾಗಿ ದೂರದೂರ ನಿಲ್ಲುತ್ತಾರೆ. ಆದರೆ ಅಲ್ಲಿ ವಸಿಷ್ಠನ ಮಗ್ಗುಲಿಗೆ ಅಂಟಿಕೊಂಡಂತೆ, 14 ವಿಕಲೆಗಳ ದೂರದಲ್ಲಿ, ಮೂರನೆಯದೊಂದು ನಕ್ಷತ್ರ ಕಾಣುತ್ತದೆ. ಅದು ಯಾರೆಂದು ಒಬ್ಬಾಕೆ ಕೇಳಿದರು. ನಾನು ಪುರಾಣದಲ್ಲಿ ಉತ್ತರ ಹುಡುಕಲು ಹೋಗದೆ, ಗೆಲಿಲಿಯೋವಿನ ಕಾಲದಲ್ಲಿಯೇ ಅದನ್ನು ಕಂಡಿದ್ದರೆಂದು ಹೇಳಿ ಜಾರಿಕೊಂಡೆ. ಹೆಂಗಸರು ತಮ್ಮತಮ್ಮಲ್ಲಿಯೇ ಬೇರೆ ಉತ್ತರ ಕಂಡುಕೊಂಡು ನಗುತ್ತ ಮನೆಗೆ ಹೋದರು.

ಗೆಲಿಲಿಯೋವಿನ ಮಾತು ಬಂದುದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ಹಳೇಬೀಡಿನ ಗೋಡೆಯ ಒಂದು ಶಿಲ್ಪದ ಕೈಯಲ್ಲಿರುವುದು ದುರ್ಬೀನೇ ಎಂದೂ, ಹೊಯ್ಸಳರಿಗೆ ಅದು ತಿಳಿದಿತ್ತೆಂದೂ ಈಚೆಗೆ ಹೇಳುವವರಿದ್ದಾರೆ. ನಮ್ಮ ಜಿಲ್ಲೆಯ ಅಭಿಮಾನಕ್ಕೆ ಇದು ಹಿತವೇ. ಆದರೂ ನಾನು ಒಪ್ಪಲಾರೆ. ದುರ್ಬೀನು 1608ರಲ್ಲಿ ಹಾಲೆಂಡಿನ ಕನ್ನಡಕದ ಕುಶಲಿಗಳ ಕೈಯಿಂದ ಹೊರಬಂದಿತು. ಅದಕ್ಕೆ ಮುಂಚೆ ತಲೆಮಾರುಗಳ ಕಾಲ ಗಾಜು ಉಜ್ಜಿದ ಕಸುಬಿತ್ತು. ಹೊಯ್ಸಳರ ಶಿಲ್ಪಿಗಳ ಕೌಶಲ ಬೇರೆಯದು, ಅದಕ್ಕೆ ಸುಳ್ಳಿನ ಆಸರೆ ಬೇಡ. ಕಡೆದು ನುಣುಪುಮಾಡಿದ ಅವರ ಕಂಬಗಳಲ್ಲಿ ಮುಖ ಕಾಣುವಂತಿದೆ. ದುರ್ಬೀನಿನ ಕನ್ನಡಿ ಕೇಳುವ ನುಣುಪಾದರೋ ಆ ಜಾತಿಯದಲ್ಲ: ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲಿನಷ್ಟು ತಪ್ಪಿದರೂ ಬಿಂಬ ಕೆಡತೊಡಗುತ್ತದೆ. ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲ್ ಅಂಥ ಕನ್ನಡಿಗಳನ್ನು ಮನೆಯಲ್ಲಿ ಕೈಯಾರೆ ಉಜ್ಜಿ, ಆರಂಗುಲಕ್ಕೆ ತುಸು ಮಿಕ್ಕ ಒಂದರಿಂದಲೇ 1781ರಲ್ಲಿ ಯುರೇನಸ್ಸನ್ನು ಕಂಡನು.

ಕೊಂಡುಕೊಳ್ಳಲು ಯೋಚಿಸುವ ಗೃಹಸ್ಥರು ನನ್ನನ್ನು ಕೇಳಿದರೆ, ಮೊದಲ ವರ್ಷ ಏನನ್ನೂ ಕೊಳ್ಳದೆ ಬರಿಗಣ್ಣಿನಿಂದ ನಕ್ಷತ್ರಗಳ ಗುರುತು ಮಾಡಿಕೊಳ್ಳಿ, ಎರಡನೆಯ ವರ್ಷ ಎರಡು ಕಣ್ಣಿಗೂ ಹಿಡಿಯುವ ಜೋಡಿದುರ್ಬೀನು ಕೊಳ್ಳಿ ಎನ್ನುತ್ತೇನೆ. ಕೃತ್ತಿಕೆಯನ್ನು ಅದರಲ್ಲಿ ನೋಡಿದವರು 525 ಪಟ್ಟನ್ನು ಕೇಳುವುದಿಲ್ಲ. ಆದರೆ ಹನ್ನೆರಡು ವರ್ಷದ ಮಗುವಿಗೆ ಎರಡು ವರ್ಷ ಕಾಯೆಂದು ಹೇಳುವುದು ಸುಲಭವಲ್ಲ. ಬಂದ ಯಂತ್ರಕ್ಕೆ ತಕ್ಕ ಕೆಲಸವನ್ನು ಹುಡುಕುವುದೇ ಉಳಿದದ್ದು.

ಅಂಥ ಕೆಲಸವಿಲ್ಲದಿಲ್ಲ. ಬಂಗಾಳದ ಜೆಸ್ಸೂರಿನ ಖಜಾನೆಯಲ್ಲಿ ನೌಕರರಾಗಿದ್ದ ರಾಧಾಗೋವಿಂದ ಚಂದ್ರರು ಮೂರಂಗುಲದ ಒಂದು ದುರ್ಬೀನನ್ನಿಟ್ಟುಕೊಂಡು, ಬೆಳಕು ಹೆಚ್ಚುಕಡಿಮೆಯಾಗುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ನೋಡಿ ಬರೆದಿಟ್ಟರು. 1918ರ ಜೂನಿನಲ್ಲಿ ಶ್ರವಣದ ರಾಶಿಯಲ್ಲಿ ಹೊತ್ತಿಕೊಂಡ ಹೊಸ ನಕ್ಷತ್ರವನ್ನು ಕಂಡುಹಿಡಿದವರಲ್ಲಿ ಅವರೂ ಒಬ್ಬರು. ಅವರ ನಿಷ್ಠೆಯನ್ನು ಮೆಚ್ಚಿ ಅಮೆರಿಕದ ವೀಕ್ಷಕರ ಸಂಘದವರು ಆರಂಗುಲದ ದುರ್ಬೀನೊಂದನ್ನು ಎರವಲಾಗಿ ಕಳುಹಿಸಿದರು. ಅದು ತರುವಾಯ ವೇಣು ಬಾಪು ಅವರ ಕೈಸೇರಿ, ಕಡೆಗೆ ಕಾವಲೂರನ್ನು ಮುಟ್ಟಿತು. ಚಂದ್ರರು ಕಳುಹಿಸಿದ ಲೆಕ್ಕಗಳು ಮೂವತ್ತು ಸಾವಿರಕ್ಕೂ ಮಿಗಿಲು. ಈಗ ನಮ್ಮ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಕನ್ನಡಿಯನ್ನು ಆಡಿಸುತ್ತಾರೆ. ಆದರೂ ಹೊಳೆಯುವ ತಾರೆಯೊಂದರ ಏರಿಳಿತವನ್ನು ತಿಂಗಳುಗಟ್ಟಲೆ ಕಾಯುತ್ತ ಕುಳಿತಿರಲು ಅಂಥ ಯಂತ್ರಕ್ಕೆ ಬಿಡುವಿಲ್ಲ. ಹಾರನಹಳ್ಳಿಯ ಜಗಲಿಗೆ ಬಿಡುವು ಬೇಕಾದಷ್ಟಿದೆ.

ಹುಡುಗಿ ಈಗ ಒಂದು ನೋಟುಪುಸ್ತಕ ಇಟ್ಟಿದ್ದಾಳೆ. ಗುರುವಿಗೆ ಒಂದು ಸೊನ್ನೆ, ಆಚೀಚೆ ಚಂದ್ರರಿಗೆ ಚುಕ್ಕೆಗಳು, ಪಕ್ಕದಲ್ಲಿ ತಾರೀಖು ಮತ್ತು ಗಂಟೆ. ಒಂದು ರಾತ್ರಿ ನಾಲ್ಕರ ಬದಲು ಮೂರೇ ಚುಕ್ಕೆ ಬರೆದು, ಒಂದು ಎಲ್ಲಿ ಹೋಯಿತೆಂದು ನನ್ನನ್ನು ಕೇಳದೆ, ಚಳಿಯಲ್ಲಿ ಕಂಬಳಿ ಹೊದ್ದು ಕಾದು, ನಾಲ್ಕನೆಯದು ಹೊರಬಂದ ಗಂಟೆಯನ್ನು ಬರೆದಿದ್ದಾಳೆ. 1676ರಲ್ಲಿ ರೋಮರ್ ಎಂಬಾತ ಇಂಥ ಗಂಟೆಗಳನ್ನೇ ಹೋಲಿಸಿ ಬೆಳಕಿಗೂ ಪಯಣದ ಹೊತ್ತು ಬೇಕೆಂದು ತೋರಿಸಿದನೆಂಬುದನ್ನು ನಾನು ಆಮೇಲೆ ಹೇಳಿದೆ. ಶನಿ ಮಾತ್ರ ಅವಳಿಗೆ ಇನ್ನೂ ಸಾಲ ತೀರಿಸಿಲ್ಲ. ಅವಳ ಪಾಲಿಗೆ ಬಂದ 2025ನೆಯ ವರ್ಷ ಶನಿಯ ಬಳೆ ಅಂಚುಮುಖವಾಗಿ ನಮ್ಮ ಕಡೆ ತಿರುಗಿದ ವರ್ಷ. ಮಾರ್ಚ್ 23ರಂದು ಭೂಮಿ ಬಳೆಯ ಸಮತಲವನ್ನೇ ದಾಟಿತು. ಪೆಟ್ಟಿಗೆಯ ಚಿತ್ರದ ಅಗಲವಾದ ಬಳೆಯ ಬದಲಿಗೆ ಬಿಂಬಕ್ಕೆ ಚುಚ್ಚಿದ ಸೂಜಿಯಂಥ ಗೆರೆ. 1612ರಲ್ಲಿ ಇದೇ ಕಾರಣದಿಂದ ಗೆಲಿಲಿಯೋವೂ ಬೆಪ್ಪಾಗಿದ್ದನು. ಬಳೆ ವರ್ಷವರ್ಷಕ್ಕೆ ತೆರೆದುಕೊಳ್ಳುತ್ತ 2032ರ ಸುಮಾರಿಗೆ ಪೂರ್ತಿ ಅಗಲವಾಗುತ್ತದೆ. ಆಗ ಅವಳಿಗೆ ಹತ್ತೊಂಬತ್ತು. ಅಲ್ಲಿಯವರೆಗೆ ಗಾಜು ಬಾಳುತ್ತದೆ. ಮುಕ್ಕಾಲಿಯ ಒಂದು ತಿರುಪು ಈಗಾಗಲೇ ಸವೆದಿರುವುದರಿಂದ, ಬರುವ ಸಂತೆಯ ದಿನ ಅರಸೀಕೆರೆಗೆ ಒಯ್ದು ಮರದ ಕಾಲು ಮಾಡಿಸುವುದೆಂದು ಅವಳ ತಂದೆಯೂ ನಾನೂ ಮಾತಾಡಿಕೊಂಡಿದ್ದೇವೆ.